ಹಳೇ ಡಾಸ್ ಗ್ಯಾಲಕ್ಸಿ ಸೈಕಲ್‌ಗೆ 40 ಕೆಜಿ ಲಗೇಜ್ ಹೇರಬಹುದಾ? ರೀಬಿಲ್ಡ್ ಮಾಡೋಕೆ ಸಲಹೆ ಬೇಕು

ಕೆಂಗೇರಿ_ಪೆಡಲ್:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ನಮ್ ಸೋದರಮಾವ ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿಗೆ ಓದೋಕೆ ಹೋಗಿ ಬರುವಾಗ ಒಂದು ಡಾಸ್ ಗ್ಯಾಲಕ್ಸಿ ತಂದಿದ್ರು, ಬರ್ಮಿಂಗ್‌ಹ್ಯಾಮ್ ಕಂಪನಿದು, ಆಗ ಅಲ್ಲಿ ಟೂರಿಂಗ್ ಸೈಕಲ್ ಅಂದ್ರೆ ಮೊದ್ಲು ಬರ್ತಿದ್ದ ಹೆಸರೇ ಇದಂತೆ. ಮೈಸೂರು ಮನೆ ಅಟ್ಟದಲ್ಲಿ ಬಿದ್ದಿತ್ತು, ಮನೆ ಖಾಲಿ ಮಾಡುವಾಗ ಗುಜರಿಯವನಿಗೆ ಹಾಕೋದ್ರಲ್ಲಿದ್ರು, ನಾನು ಹೋಗಿ ಎತ್ಕೊಂಡ್ ಬಂದೆ.

ಸೀಟ್ ಟ್ಯೂಬ್ ಮೇಲೆ ರೆನಾಲ್ಡ್ಸ್ 531 ಸ್ಟಿಕರ್ ಅರ್ಧ ಕಿತ್ತೋಗಿದೆ ಆದ್ರೂ ಓದಬಹುದು. 27 ಇಂಚಿನ ಚಕ್ರ, ಕ್ರೋಮ್ ಸ್ಟೀಲ್ ರಿಮ್, ಎರಡೂ ಕಡೆ 36 ಕಡ್ಡಿ. ವೈನ್‌ಮನ್ ಸೆಂಟರ್‌ಪುಲ್ ಬ್ರೇಕ್. ಮುಂದೆ ಪೆಡಲ್ ಹತ್ರ 52, 40 ಹಲ್ಲಿನ ಎರಡು ಗೇರ್, ಹಿಂದೆ ಐದು ಗೇರ್, ದೊಡ್ಡದು 28 ಹಲ್ಲು. ಹಿಂದಿನ ಆಕ್ಸಲ್ ಕೂರೋ ಜಾಗ ಒಳಗಿಂದ ಒಳಗೆ ಅಳೆದ್ರೆ 120 ಮಿಮೀ ಬರುತ್ತೆ. ತುಕ್ಕು ಮೇಲ್ಮೇಲೆ ಇದೆ, ತೂತು ಎಲ್ಲೂ ಕಾಣಲಿಲ್ಲ.

ಪ್ಲ್ಯಾನ್ ಏನಂದ್ರೆ ಮಳೆಗಾಲ ಮುಗಿದ ಮೇಲೆ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಇಳಿದು ಕರಾವಳಿ ಹಿಡ್ಕೊಂಡು ಕಾರವಾರದವರೆಗೆ ಹೋಗೋದು, ವಾಪಸ್ಸೂ ಪೆಡಲ್ ಮಾಡ್ಕೊಂಡೇ ಘಟ್ಟ ಹತ್ತಿ ಬರೋದು. ಟೆಂಟು, ಒಲೆ, ಪಾತ್ರೆ, ಕ್ಯಾಮೆರಾ, ನೀರು ಎಲ್ಲ ಸೇರಿ 35-40 ಕೆಜಿ ಆಗುತ್ತೆ, ಕಮ್ಮಿ ಮಾಡಿ ಅಂತ ಹೇಳ್ತೀರ ಗೊತ್ತು, ಮಾಡಲ್ಲ 😄 ನನ್ನ ತೂಕ 78. ಇಲ್ಲಿ ಒಂದು ಅಂಗಡಿಯವರು ಈ ಪೈಪ್ ತೆಳು, ಅಷ್ಟು ಭಾರ ತಡೆಯಲ್ಲ, ಮಧ್ಯದಲ್ಲಿ ಇನ್ನೊಂದು ಕಬ್ಬಿಣದ ಪೈಪ್ ಇಟ್ಟು ವೆಲ್ಡ್ ಹೊಡ್ಕೊಡ್ತೀನಿ ಅಂದ್ರು. ಇನ್ನೊಬ್ರು ಇದನ್ನ ಗೋಡೆಗೆ ನೇತುಹಾಕಿ ಹೊಸದು ತಗೊಳ್ಳಿ ಅಂದ್ರು. ದುಡ್ಡು ಎಲ್ಲಿ ಹಾಕ್ಬೇಕು, ಎಲ್ಲಿ ಹಾಕಬಾರದು, ತಿಳಿದವರು ಹೇಳಿ.

ಹುಬ್ಳಿ_ಹವಾ:

ಮೊದಲ ಮಾತು, ಆ ವೆಲ್ಡಿಂಗ್ ಒಟ್ಟ ಮಾಡಿಸಬ್ಯಾಡ್ರಿ. 531 ಅಂದ್ರ ಮ್ಯಾಂಗನೀಸ್ ಮಾಲಿಬ್ಡಿನಮ್ ಹಾಕಿದ ಸ್ಟೀಲ್, 1935ರಿಂದ ಬಂದದ್ದು, ಅದನ್ನ ಲಗ್ (ಪೈಪ್ ಕೂಡೋ ಮೂಲ್ಯಾಗಿನ ಲೋಹದ ತೋಳು) ಇಟ್ಟು ಹಿತ್ತಾಳಿ ಇಲ್ಲಾ ಬೆಳ್ಳಿ ಬೆಸಗಿ ಹಾಕಿ ಕೂಡಿಸಿರ್ತಾರ. ಪೈಪಿನ ತುದಿಗೆ ಒಂದೀಟು ದಪ್ಪ, ನಡುವ ತೆಳು. ಆ ತೆಳು ಜಾಗಾಕ್ಕ ಆರ್ಕ್ ವೆಲ್ಡಿಂಗ್ ಹೊಡದ್ರ ವೆಲ್ಡ್ ಬಾಜೂಕನ ಲೋಹ ಗಡಸಾಗಿ ಮುಂದೊಂದಿನ ಅಲ್ಲೇ ಸೀಳ್ತೈತಿ. ಗೇಟು ಗ್ರಿಲ್ಲು ಮಾಡೋ ಅಂಗಡಿಯಾಗ ಇದನ್ನ ಕೊಡೋ ಸಾಮಾನಲ್ಲ.

ಎರಡನೇದು, ನಮ್ಮಪ್ಪಂದು ಸೈಕಲ್ ಅಂಗಡಿ, ನಾನು ಹುಟ್ಟಿದಾಗಿಂದ ನೋಡಿದ್ದು ಹೇಳ್ತೀನಿ. ಭಾರ ಹೇರಿದ ಸೈಕಲ್ ರಿಪೇರಿಗೆ ಬಂತು ಅಂದ್ರ ಫ್ರೇಮ್ ಮುರದು ಬರೂದು ಅಪರೂಪ. ಬರೂದು ಹಿಂದಿನ ಗಾಲಿ. ಕಡ್ಡಿ ಕಟ್, ರಿಮ್ ಔಟ್, ಆಕ್ಸಲ್ ಬೆಂಡ್, ಇಲ್ಲಾ ಕ್ಯಾರಿಯರ್ ಬೋಲ್ಟ್ ಕಟ್. ನಮ್ಮ ದೊಡ್ಡ ಸೈಕಲ್ ನೋಡ್ರಿ, ಹಾಲಿನವರು, ಎಳನೀರಿನವರು ಹೊಡಿಯೋವು, ಮುಂದ 32 ಕಡ್ಡಿ ಹಿಂದ 40. ಇದು ಬ್ರಿಟಿಷರ ಹಳೇ ಲೆಕ್ಕ, ಅವರು ಬಿಟ್ರೂ ನಾವು ಬಿಡಲಿಲ್ಲ. ಯಾಕಂದ್ರ ಭಾರೆಲ್ಲಾ ಹಿಂದ ಬೀಳ್ತೈತಿ.

ಹಂಗಂತ ಆ ಗಾಲಿ ತಂದು ಇದಕ್ಕ ಹಾಕಾಕ ಹೋಗಬ್ಯಾಡ್ರಿ, ಯಾರರ ಹೇಳೇ ಹೇಳ್ತಾರ. ಅದು 28×1½, ಟಯರ್ ಕೂಡೋ ಅಳತಿ 635, ನಿಮ್ಮ 27 ಇಂಚಿಂದು 630. ಮ್ಯಾಲ ಆ ರಿಮ್ ರಾಡ್ ಬ್ರೇಕಿಂದು, ಅದರ ಬ್ರೇಕ್ ಒತ್ತೋದು ರಿಮ್ಮಿನ ಒಳಮೈಗೆ, ಹಬ್ಬಿನ ಕಡೆ ಇರೋ ಮೈಗೆ. ನಿಮ್ಮ ವೈನ್‌ಮನ್ ಒತ್ತೋದು ಬಾಜೂಕ. ಆ ದುಂಡಗಿನ ಬಾಜೂಗೆ ಪ್ಯಾಡ್ ಸರಿ ಕೂಡಂಗಿಲ್ಲ.

ಉಟ್ರೆಕ್ಟ್_ಕನ್ನಡಿಗ:

ಒಳ್ಳೇ ಫ್ರೇಮ್ ಸಿಕ್ಕಿದೆ ನಿಮಗೆ, ನೇತುಹಾಕೋ ಮಾತೇ ಬೇಡ. ಗ್ಯಾಲಕ್ಸಿ 1971ರಲ್ಲಿ ಶುರುವಾದ ಮಾಡೆಲ್, ಬ್ಯಾಗ್ ಹಾಕ್ಕೊಂಡು ಹೋಗೋಕೇ ಮಾಡಿದ್ದು. ಆದ್ರೆ ಮೊದ್ಲು ಒಂದು ಬಟ್ಟೆ, ಸೀಮೆಎಣ್ಣೆ, ಟಾರ್ಚ್ ತಗೊಂಡು ಕೂತು ನೋಡಿ. ಡೌನ್ ಟ್ಯೂಬ್ (ಓರೆಯಾಗಿ ಪೆಡಲ್ ಕಡೆ ಇಳಿಯೋ ಪೈಪ್) ಹೆಡ್ ಟ್ಯೂಬಿಗೆ (ಹ್ಯಾಂಡಲ್ ಕೆಳಗಿನ ಗಿಡ್ಡ ಪೈಪ್) ಸೇರೋ ಲಗ್ ಹಿಂದೆ, ಕೆಳಗಡೆ ಬೆರಳಲ್ಲಿ ಸವರಿ, ಅಲ್ಲಿ ಸಣ್ಣ ಸುಕ್ಕು ಅಥವಾ ಪೇಂಟ್ ಅಡ್ಡಡ್ಡ ಸೀಳಿದ್ರೆ ಯಾವತ್ತೋ ಮುಂದಿಂದ ಗುದ್ದಿಸ್ಕೊಂಡಿದೆ ಅಂತ. ಬಾಟಮ್ ಬ್ರಾಕೆಟ್ (ಪೆಡಲ್ ಆಕ್ಸಲ್ ಕೂರೋ ಜಾಗ) ಸುತ್ತ, ಹಿಂದಿನ ಡ್ರಾಪ್‌ಔಟ್ (ಚಕ್ರದ ಆಕ್ಸಲ್ ಕೂರೋ ಸೀಳು) ಸುತ್ತ ಕೂದಲಿನಷ್ಟು ಬಿರುಕು ಇದ್ಯಾ ನೋಡಿ. ಇವೆಲ್ಲ ಕ್ಲೀನ್ ಇದ್ರೆ ಫ್ರೇಮ್ ಪಾಸ್.

ಹುಬ್ಳಿಯವರು ಹೇಳಿದ್ದು ನೂರಕ್ಕೆ ನೂರು, ಹಣ ಎಲ್ಲ ಹಿಂದಿನ ಚಕ್ರಕ್ಕೆ. ಹಳೇ ಫ್ರೀವೀಲ್ (ಹಿಂದಿನ ಗೇರ್ ಹಲ್ಲುಗಳ ಗುಂಪು) ಹಬ್ಬಲ್ಲಿ ಒಂದು ಹುಟ್ಟುದೋಷ ಇದೆ. ಫ್ರೀವೀಲ್ ಹಬ್ಬಿನ ಹೊರಗೆ ಥ್ರೆಡ್ಡಿಗೆ ಕೂತಿರುತ್ತೆ, ಆದ್ರೆ ಬಲಗಡೆ ಬೇರಿಂಗ್ ಬಾಲ್ಸ್ ಇರೋದು ಅದರ ಒಳಗಡೆ, ಹಬ್ಬಿನ ಹತ್ರ. ಅಂದ್ರೆ ಬಾಲ್ಸಿಂದ ಡ್ರಾಪ್‌ಔಟ್‌ವರೆಗೆ ಆಕ್ಸಲ್ಲಿಗೆ ಯಾವ ಆಧಾರನೂ ಇಲ್ಲ, ಭಾರ ಬಿದ್ದು ಗುಂಡಿಗೆ ಇಳಿದಾಗೆಲ್ಲ ಅಲ್ಲೇ ಬಾಗುತ್ತೆ, ಕೊನೆಗೆ ಮುರಿಯುತ್ತೆ. 1978ರಲ್ಲಿ ಶಿಮಾನೊ ತಂದ ಫ್ರೀಹಬ್ಬಲ್ಲಿ ಬಲಗಡೆ ಬಾಲ್ಸ್ ಹೊರ ತುದಿಗೆ ಹೋಯ್ತು, ಆ ತೊಂದರೆ ಅಲ್ಲಿಗೆ ಮುಗೀತು. ಹಾಗಾಗಿ 8 ಸ್ಪೀಡಿನ ಸಾಧಾರಣ ಫ್ರೀಹಬ್ ಹಾಕಿ, 36 ಕಡ್ಡಿದೇ ಹುಡುಕಿ.

ಅದಕ್ಕೆ 130 ಮಿಮೀ ಜಾಗ ಬೇಕು, ನಿಮ್ಮದು 120. ಹಿಂದಿನ ಎರಡು ಕಾಲುಗಳನ್ನ ತಲಾ 5 ಮಿಮೀ ಹೊರಕ್ಕೆ ಬಗ್ಗಿಸಬೇಕಾಗುತ್ತೆ, ಸ್ಟೀಲ್ ಫ್ರೇಮಿಗೆ ಇದು ಮಾಡೋ ಕೆಲಸನೇ, ಬಿಸಿ ಮಾಡಂಗಿಲ್ಲ, ತಣ್ಣಗಿದ್ದಾಗಲೇ. ಅಲ್ಯೂಮಿನಿಯಂ ಫ್ರೇಮಿಗೆ ಮಾತ್ರ ಇದನ್ನ ಕನಸಲ್ಲೂ ಮಾಡಬೇಡಿ. ಉದ್ದ ಬೋಲ್ಟ್ ಇಟ್ಟು ಎರಡೂ ಕಡೆ ನಟ್ ತಿರುಗಿಸಿ ಅಗಲ ಮಾಡ್ತಾರೆ ಕೆಲವರು, ಅದು ಬೇಡ, ಯಾವ ಕಾಲು ಮೆತ್ತಗಿದ್ಯೋ ಅದೊಂದೇ ಜಾಸ್ತಿ ಹೋಗುತ್ತೆ. ಮರದ ರೀಪರ್ ಹಾಕಿ ಮೀಟಿ, ಒಂದೊಂದೇ ಕಡೆ, ಸ್ವಲ್ಪ ಸ್ವಲ್ಪ. ಸ್ಟೀಲ್ ವಾಪಸ್ ಪುಟಿಯುತ್ತೆ, ಆದ್ರಿಂದ ಬೇಕಾದ್ದಕ್ಕಿಂತ ಜಾಸ್ತಿ ತಳ್ಳಿದ್ರೇನೇ ಬೇಕಾದಷ್ಟು ನಿಲ್ಲೋದು. ಚೆಕ್ ಮಾಡೋಕೆ ಒಂದು ದಾರ ಸಾಕು. ಒಂದು ಡ್ರಾಪ್‌ಔಟಿಂದ ದಾರ ಹೊರಡಿಸಿ ಹೆಡ್ ಟ್ಯೂಬ್ ಸುತ್ತ ತಂದು ಇನ್ನೊಂದು ಡ್ರಾಪ್‌ಔಟಿಗೆ ಬಿಗಿಯಾಗಿ ಕಟ್ಟಿ, ದಾರಕ್ಕೂ ಸೀಟ್ ಟ್ಯೂಬಿಗೂ ಇರೋ ಸಂದು ಎರಡೂ ಕಡೆ ಒಂದೇ ಬರಬೇಕು. ಆಮೇಲೆ ಡ್ರಾಪ್‌ಔಟ್ ಎರಡೂ ಒಂದಕ್ಕೊಂದು ಸಮಾನಾಂತರ ಇದ್ಯಾ ಅಂತಲೂ ನೋಡಿಸಿ, ಅದು ಬಿಟ್ರೆ ಹೊಸ ಆಕ್ಸಲ್ಲೂ ಬಾಗುತ್ತೆ.

ಹುಬ್ಳಿ_ಹವಾ:

ಉಟ್ರೆಕ್ಟ್ ಸಾಹೇಬ್ರ, ಆಕ್ಸಲ್ ಮಾತು ಒಪ್ತೀನಿ, ಆದ್ರ ಅರ್ಧ ಶತಮಾನ ಹಳೇ ಫ್ರೇಮನ್ನ ರೀಪರ್ ಹಾಕಿ ಮೀಟೂದು ಹೊಸಬರ ಕೈಯಾಗ ಕೊಡೋ ಕೆಲಸ ಅಲ್ರಿ. 120 ಇದ್ದದ್ದು ಹಂಗ ಇರ್ಲಿ, ಸಣ್ಣ ಅಗಲದ 6 ಗೇರಿನ ಫ್ರೀವೀಲ್ ಕೂಡ್ತೈತಿ, ಒಳ್ಳೆ ಗಟ್ಟಿ ಆಕ್ಸಲ್ ಹಾಕ್ರಿ, ಒಂದು ಎಕ್ಸ್‌ಟ್ರಾ ಬ್ಯಾಗಿನಾಗ ಇಟಗೋರಿ.

ಉಟ್ರೆಕ್ಟ್_ಕನ್ನಡಿಗ:

ಸರಿ, 25 ಕೆಜಿ ಆಗಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. 40 ಕೆಜಿ, ಅದೂ ಘಟ್ಟದ ರಸ್ತೆ, ಮಳೆ ಬಿಟ್ಟ ಮೇಲಿನ ಗುಂಡಿಗಳು. ಮತ್ತೆ 34 ಹಲ್ಲಿನ ಫ್ರೀವೀಲ್ 6 ಗೇರಲ್ಲಿ ಸಿಗೋದು ಕಷ್ಟ, 8 ಸ್ಪೀಡಲ್ಲಿ 11-34 ಎಲ್ಲಾ ಕಡೆ ಸಿಗುತ್ತೆ. ಅವರೇ ಕೈ ಹಾಕೋದು ಬೇಡ ಅನ್ನೋದಾದ್ರೆ ಫ್ರೇಮ್ ಕಟ್ಟೋರ ಹತ್ರ ಮಾಡಿಸಲಿ, ಬೆಂಗಳೂರಲ್ಲಿ ಸ್ಟೀಲ್ ಫ್ರೇಮ್ ಕೈಯಲ್ಲಿ ಕಟ್ಟೋರು ಇದ್ದಾರೆ. ಇನ್ನೊಂದು, ಎಮ್‌ಟಿಬಿ (ಮೌಂಟನ್ ಬೈಕ್) 135 ಮಿಮೀ ಹಬ್ ತಂದು ಎಡಗಡೆ ವಾಷರ್ ತೆಗೆದು 130 ಮಾಡ್ಕೊಡ್ತೀವಿ ಅಂತಾರೆ, ಹಾಗೆ ಮಾಡಿದ್ರೆ ಬಲಗಡೆ ಕಡ್ಡಿಗಳು ಇನ್ನೂ ನೆಟ್ಟಗಾಗಿ ಚಕ್ರ ಇನ್ನೂ ವೀಕ್ ಆಗುತ್ತೆ. ರೋಡ್ ಹಬ್ಬೇ ತಗೊಳ್ಳಿ.

ತುಂಗಾ_ತೀರ:

ತೀರ್ಥಹಳ್ಳಿ ಕಡೆಯವನು, ಆ ರಸ್ತೆ ದಿನಾ ನೋಡ್ತೀನಿ. ಯಾರೂ ಗೇರ್ ಬಗ್ಗೆ ಇನ್ನೂ ಪೂರ್ತಿ ಮಾತಾಡಿಲ್ಲ. ಆಗುಂಬೆ ಇಳಿಯೋದು ಸುಲಭ, ನೀವು ಅದೇ 14 ಹೇರ್‌ಪಿನ್ ವಾಪಸ್ ಹತ್ತಬೇಕಲ್ಲ? ಲೆಕ್ಕ ಹಾಕಿ. ನೀವು 78, ಲಗೇಜ್ 40, ಸೈಕಲ್ 15, ಒಟ್ಟು 133 ಕೆಜಿ. ಈಗಿರೋ ಗೇರಲ್ಲಿ ಕಮ್ಮಿ ಅಂದ್ರೆ 40ಕ್ಕೆ 28, ಒಂದು ಸುತ್ತು ಪೆಡಲ್ ಮಾಡಿದ್ರೆ ಸೈಕಲ್ 3 ಮೀಟರ್ ಮುಂದೆ ಹೋಗುತ್ತೆ. 8 ಪರ್ಸೆಂಟ್ ಏರಲ್ಲಿ ನಿಮಿಷಕ್ಕೆ 60 ಸುತ್ತು ತುಳಿಬೇಕಂದ್ರೆ ಬರೀ ಭಾರ ಎತ್ತೋಕೇ 320 ವ್ಯಾಟ್ ಹತ್ರ ಬೇಕು, ಅದನ್ನ ಗಂಟೆಗಟ್ಟಲೆ ಕೊಡೋರು ರೇಸ್ ಓಡ್ಸೋರು, ನಾನೂ ಅಲ್ಲ, ನೀವೂ ಅಲ್ಲ. ಅದೇ ಮುಂದೆ 22 ಹಲ್ಲು, ಹಿಂದೆ 34 ಹಾಕಿದ್ರೆ ಒಂದು ಸುತ್ತಿಗೆ 1.4 ಮೀಟರ್, 145 ವ್ಯಾಟ್ ಸಾಕು, ಗಂಟೆಗೆ 5 ಕಿಮೀ ಸ್ಪೀಡಲ್ಲಿ ತೆವಳ್ಕೊಂಡು ಹೋಗಬಹುದು. ಅದಕ್ಕಿಂತ ನಿಧಾನ ಆದ್ರೆ ಬ್ಯಾಲೆನ್ಸೇ ತಪ್ಪುತ್ತೆ, ಆಮೇಲೆ ಇಳಿದು ನೂಕೋದೇ. ನೂಕೋದ್ರಲ್ಲಿ ನಾಚಿಕೆ ಏನಿಲ್ಲ, 1954ರಲ್ಲಿ ವಿಯೆಟ್ನಾಂನವರು ದಿಯೆನ್ ಬಿಯೆನ್ ಫುಗೆ 200 ಕೆಜಿ ಹೇರಿದ ಪ್ಯೂಜೋ ಸೈಕಲ್‌ಗಳನ್ನ ಹ್ಯಾಂಡಲ್ಲಿಗೆ ಬಿದಿರು ಕಟ್ಟಿ ಕಾಡಲ್ಲಿ ನೂಕ್ಕೊಂಡೇ ಹೋಗಿದ್ದು.

ಹಳೇ ಎಮ್‌ಟಿಬಿ ಕ್ರ್ಯಾಂಕ್ 44-32-22 ಸೆಕೆಂಡ್ ಹ್ಯಾಂಡ್ ಹುಡುಕಿ. ನಿಮ್ಮದು ಇಂಗ್ಲಿಷ್ ಥ್ರೆಡ್ 68 ಮಿಮೀ ಬಾಟಮ್ ಬ್ರಾಕೆಟ್ ಆಗಿರುತ್ತೆ, ಈಗಿನ ಸೀಲ್ಡ್ ಕಾರ್ಟ್ರಿಡ್ಜ್ ನೇರ ಕೂರುತ್ತೆ, ಬಿಚ್ಚುವಾಗ ಬಲಗಡೆ ಕಪ್ ಉಲ್ಟಾ ಥ್ರೆಡ್ ಅನ್ನೋದು ನೆನಪಿರ್ಲಿ, ಇಲ್ಲಾಂದ್ರೆ ಬಿಚ್ತಾ ಇದೀನಿ ಅಂದ್ಕೊಂಡು ಬಿಗಿ ಮಾಡ್ತಾ ಇರ್ತೀರ. ಹಿಂದಿನ ಡಿರೇಲರ್ (ಚೈನನ್ನ ಗೇರಿಂದ ಗೇರಿಗೆ ದಾಟಿಸೋ ಭಾಗ) ಉದ್ದ ಕೇಜಿಂದು ಬೇಕು. ಡೌನ್ ಟ್ಯೂಬ್ ಮೇಲಿರೋ ಹಳೇ ಫ್ರಿಕ್ಷನ್ ಲಿವರ್ ಮಾತ್ರ ತೆಗೀಬೇಡಿ ಪ್ಲೀಸ್, ಅದಕ್ಕೆ 5 ಗೇರೂ ಒಂದೇ 8 ಗೇರೂ ಒಂದೇ, ಕ್ಲಿಕ್ ಇಲ್ಲದ ಕಾರಣ ಯಾವ ಕಂಪನಿ ಡಿರೇಲರ್ ಬೇಕಾದ್ರೂ ಎಳೆಯುತ್ತೆ, ದಾರಿ ಮಧ್ಯೆ ಕೆಡೋ ವಸ್ತು ಅಲ್ಲ.

ಇನ್ನು ಭಾರ ಎಲ್ಲಿ ಹಾಕ್ತೀರ ಅನ್ನೋದು. 531 ಪೈಪ್ ಮುರಿಯಲ್ಲ, ಆದ್ರೆ ಅಲ್ಲಾಡುತ್ತೆ. ಸ್ಟೀಲ್ ದುಬಾರಿದಾಗ್ಲಿ ಅಗ್ಗದ್ದಾಗ್ಲಿ ಬಿಗುವು ಒಂದೇ, ಪೈಪಿನ ಅಗಲ ದಪ್ಪದ ಮೇಲೆ ಹೋಗುತ್ತೆ, ಹಳೇ ಫ್ರೇಮಲ್ಲಿ ಟಾಪ್ ಟ್ಯೂಬ್ 25.4 ಮಿಮೀ ಸಣ್ಣ ಪೈಪು. 40 ಕೆಜಿ ಪೂರ್ತಿ ಹಿಂದಿನ ಕ್ಯಾರಿಯರಿಗೆ ಹಾಕಿ ಇಳಿಜಾರಲ್ಲಿ 45 ಕಿಮೀ ಹೋದ್ರೆ ಹ್ಯಾಂಡಲ್ ತಾನಾಗೇ ನಡುಗೋಕೆ ಶುರುವಾಗಬಹುದು, ಹಾಗಾದ್ರೆ ಟಾಪ್ ಟ್ಯೂಬನ್ನ ಎರಡೂ ಮೊಣಕಾಲಲ್ಲಿ ಅದುಮಿ ಹಿಡಿದು ನಿಧಾನಕ್ಕೆ ಬ್ರೇಕ್ ಹಾಕಿ. ಹಾಗಾಗದಂಗೆ ಮಾಡೋಕೆ 14-15 ಕೆಜಿ ಮುಂದೆ ಹಾಕಿ, ಮುಂದಿನ ಆಕ್ಸಲ್ ಮಟ್ಟಕ್ಕೆ ಕೆಳಗೆ, ಎರಡೂ ಕಡೆ ಸಮ. ಹಿಂದೆ 20, ಅದ್ರಲ್ಲಿ ಭಾರದ್ದು ಬ್ಯಾಗಿನ ತಳಕ್ಕೆ. ಉಳಿದ ನೀರು ಫ್ರೇಮ್ ಮಧ್ಯಕ್ಕೆ. ಕ್ಯಾಮೆರಾ ಹ್ಯಾಂಡಲ್ ಬ್ಯಾಗಲ್ಲಿ ಇಟ್ರೆ 2 ಕೆಜಿ ಮೇಲೆ ಬೇಡ.

ಕೆಂಗೇರಿ_ಪೆಡಲ್:

ಅಬ್ಬಾ, ಇಷ್ಟೆಲ್ಲಾ ನಿರೀಕ್ಷೆ ಮಾಡಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಲಗ್ ಹಿಂದೆಲ್ಲ ನೋಡಿದೆ, ಸುಕ್ಕು ಬಿರುಕು ಏನೂ ಇಲ್ಲ, ಬಣ್ಣ ಕೂಡ ಅಲ್ಲಿ ನೀಟಾಗಿದೆ. ವೆಲ್ಡಿಂಗ್ ಕ್ಯಾನ್ಸಲ್. 130ಗೆ ಅಗಲ ಮಾಡಿಸೋದು ಅಂತ ಫಿಕ್ಸ್, ನಾನೇ ಕೈ ಹಾಕಲ್ಲ ಹುಬ್ಳಿ ಸಾರ್, ಫ್ರೇಮ್ ಕಟ್ಟೋರ ಹತ್ರಾನೇ ಕೊಡ್ತೀನಿ.

ಈಗ ಮೂರು ತಲೆನೋವು. ಮುಂದಿನ ಫೋರ್ಕಲ್ಲಿ ಕ್ಯಾರಿಯರ್ ಹಾಕೋಕೆ ಕೆಳಗಡೆ ಒಂದು ಕಣ್ಣು ಬಿಟ್ರೆ ಮಧ್ಯದಲ್ಲಿ ಏನೂ ಇಲ್ಲ. 27 ಇಂಚಿಗೆ ಒಳ್ಳೇ ಟಯರ್ ಸಿಗ್ತಿಲ್ಲ, 700ಸಿ (ಈಗಿನ ಸಾಮಾನ್ಯ ರೋಡ್ ಸೈಕಲ್ ಅಳತೆ) ಹಾಕಿದ್ರೆ ಬ್ರೇಕ್ ಮುಟ್ಟುತ್ತಾ? ಮತ್ತೆ ಸೀಟ್ ಪೋಸ್ಟ್ ಹಿಡ್ಕೊಂಡ್ಬಿಟ್ಟಿದೆ, ಒಂದು ಮಿಲಿಮೀಟರೂ ಜರುಗ್ತಿಲ್ಲ.

ಕುಡ್ಲದ_ಗಾಲಿ:

ಬ್ರೇಕಿನದ್ದು ನಾನು ಹೇಳ್ತೇನೆ. 27 ಇಂಚು ಅಂದ್ರೆ 630, 700ಸಿ ಅಂದ್ರೆ 622, ವ್ಯತ್ಯಾಸ 8, ಹಾಗಾಗಿ ಪ್ಯಾಡ್ ಬರೇ 4 ಮಿಮೀ ಕೆಳಗೆ ಇಳಿದರೆ ಆಯ್ತು. ವೈನ್‌ಮನ್ ತೋಳಿನ ಮೇಲೆ 610 ಅಥವಾ 750 ಅಂತ ಬರೆದುಂಟಾ ನೋಡಿ, ಪ್ಯಾಡ್ ಎಷ್ಟು ಕೆಳಗಿನವರೆಗೆ ಮುಟ್ತದೆ ಅಂತ ಅದು, 61 ಮಿಮೀ, 75 ಮಿಮೀ. ಪ್ಯಾಡ್ ಕೂರುವ ಸೀಳಿನಲ್ಲಿ ಕೆಳಗೆ ಇನ್ನೂ 4 ಮಿಮೀ ಜಾಗ ಉಂಟಾದರೆ ಕಣ್ಣು ಮುಚ್ಚಿ 700ಸಿ ಹಾಕಿ. ಚಕ್ರ ಸಣ್ಣದಾದಷ್ಟು ಟಯರಿಗೆ ಜಾಗ ಜಾಸ್ತಿ, 35 ಮಿಮೀ ಟಯರ್ ಮಡ್‌ಗಾರ್ಡ್ ಸಮೇತ ಹಿಡೀಬಹುದು, ಅಳೆದು ನೋಡಿ. 40 ಕೆಜಿಗೆ ಅದಕ್ಕಿಂತ ಸಪೂರ ಬೇಡ ಮಾರಾಯ್ರೆ.

ಕ್ರೋಮ್ ಸ್ಟೀಲ್ ರಿಮ್ ಹೇಗೂ ಬಿಸಾಡ್ಲಿಕ್ಕೇ ಆಯ್ತು. ಒಣಗಿದ್ದಾಗ ಪರವಾಗಿಲ್ಲ, ಒದ್ದೆಯಾದರೆ ಬ್ರೇಕ್ ಹಿಡಿದರೂ ಹಿಡಿಯದಿದ್ದರೂ ಒಂದೇ, ರಿಮ್ ಮೇಲಿನ ನೀರು ಹೋಗುವಷ್ಟರಲ್ಲಿ ನೀವು ತಿರುವಿನ ಆಚೆ ಇರ್ತೀರಿ. ಅಲ್ಯೂಮಿನಿಯಂ ಡಬಲ್ ವಾಲ್ ರಿಮ್ ಹಾಕಿ, ಹಳೇ ಪ್ಯಾಡ್ ಈಗ ಕಲ್ಲಾಗಿರ್ತದೆ, ಅದನ್ನೂ ಕೇಬಲನ್ನೂ ಬದಲಿಸಿ. ಕೂಲ್ ಸ್ಟಾಪಿನ ಸಾಲ್ಮನ್ ಬಣ್ಣದ ಪ್ಯಾಡ್ ಸಿಕ್ಕಿದರೆ ಒದ್ದೆಗೆ ಅದೇ ಬೆಸ್ಟ್.

ಫೋರ್ಕಿಗೆ ಡ್ರಿಲ್ ಹೊಡೀಬೇಡಿ. ರಬ್ಬರ್ ಸುತ್ತಿ ಹಾಕುವ ಕ್ಲಾಂಪ್ ಬರ್ತದೆ, ಮಧ್ಯಕ್ಕೆ ಅದು, ಕೆಳಗೆ ಕಣ್ಣಿಗೆ ಬೋಲ್ಟು, ಲೋ ರೈಡರ್ (ಕೆಳಮಟ್ಟದ ಮುಂದಿನ ಕ್ಯಾರಿಯರ್) ಕೂರ್ತದೆ. ಫ್ರೇಮ್ ಕಟ್ಟುವವರ ಹತ್ತಿರ ಹೇಗೂ ಹೋಗ್ತೀರಲ್ಲ, ಬೆಳ್ಳಿ ಬೆಸುಗೆಯಲ್ಲಿ ಎರಡು ಕಣ್ಣು ಕೂರಿಸ್ಲಿಕ್ಕೆ ಹೇಳಿದರೆ ಇನ್ನೂ ಚಂದ. ಪೇಂಟ್ ಹೇಗಿದ್ದರೂ ಹೋಗ್ತದೆ ಆಗ, ಮಾವನ ಕಾಲದ ಬಣ್ಣ ಉಳಿಸಿಕೊಳ್ಬೇಕು ಅಂತಿದ್ದರೆ ಕ್ಲಾಂಪೇ ಸಾಕು. ಹಿಂದಿನ ಕ್ಯಾರಿಯರ್ ಅಲ್ಯೂಮಿನಿಯಂ ಬೇಡ, ತುಂಡಾದರೆ ಊರಲ್ಲಿ ಯಾರೂ ಜೋಡಿಸಿ ಕೊಡ್ಲಿಕ್ಕಿಲ್ಲ. ಟ್ಯೂಬಸ್ ಕಾರ್ಗೋ 40 ಕೆಜಿ ರೇಟಿಂಗಿನ ಸ್ಟೀಲ್ ಕ್ಯಾರಿಯರ್, ರೇಟು ಮಾತ್ರ ಕೇಳುವ ಹಾಗಿಲ್ಲ. ಯಾವುದೇ ಹಾಕಿ, ಎಂ5 ಬೋಲ್ಟ್ ಸ್ವಲ್ಪ ಉದ್ದದ್ದು ತಂದು ಒಳಗಡೆಯಿಂದ ನೈಲಾಕ್ (ಸಡಿಲ ಆಗದ) ನಟ್ ಹಾಕಿ. ಬೋಲ್ಟ್ ತುಂಡಾಗುವುದು ಭಾರಕ್ಕಲ್ಲ, ಲೂಸ್ ಆಗಿ ಕುಲುಕಾಡಿಯೇ. ಬಲಗಡೆ ಮಾತ್ರ ಆ ನಟ್ ಸಣ್ಣ ಗೇರಿಗೆ, ಚೈನಿಗೆ ತಾಗ್ತದಾ ನೋಡಿಕೊಳ್ಳಿ.

ಕರಾವಳಿಯ ಗಾಳಿಗೆ ಉಪ್ಪುಂಟು, ಪೈಪಿನ ಒಳಗೆ ಆಯಿಲ್ ಸ್ಪ್ರೇ ಹೊಡೆದು ಫ್ರೇಮನ್ನು ಎಲ್ಲ ಕಡೆ ತಿರುಗಿಸಿ ಹರಿಸಿ, ಬಾಟಮ್ ಬ್ರಾಕೆಟ್ ಹಾಕುವ ಮೊದಲೇ.

ಹುಬ್ಳಿ_ಹವಾ:

ಸೀಟ್ ಪೋಸ್ಟ್ ಅಲ್ಯೂಮಿನಿಯಂ, ಪೈಪ್ ಸ್ಟೀಲ್, ಇಷ್ಟು ವರ್ಷ ಸರದೇ ಇಲ್ಲಂದ್ರ ಎರಡೂ ಕೂಡಿ ತುಕ್ಕು ಹಿಡದು ಅಂಟಿರ್ತಾವ. ಬಾಟಮ್ ಬ್ರಾಕೆಟ್ ಬಿಚ್ಚಿ ಫ್ರೇಮ್ ತಲಿಕೆಳಗ ಮಾಡಿ ಒಳಗಿಂದ ಪೆನೆಟ್ರೇಟಿಂಗ್ ಆಯಿಲ್ ಬಿಡ್ರಿ, ಮ್ಯಾಲಿಂದ ಬ್ಯಾರೆ, ಒಂದು ವಾರ ದಿನಾ ಬಿಡ್ರಿ. ಆಮ್ಯಾಲ ಪೋಸ್ಟಿನ ತಲಿನ ದೊಡ್ಡ ವೈಸಿನಾಗ ಹಿಡದು ಫ್ರೇಮನ್ನ ತಿರುಗಿಸ್ರಿ, ಪೋಸ್ಟ್ ತಿರುಗಿಸೂದಲ್ಲ. ಫ್ರೇಮ್ ಉದ್ದ ಐತಿ, ಅದೇ ನಿಮಗ ಲಿವರ್. ಕಾಸ್ಟಿಕ್ ಸೋಡಾ ಸುರದು ಅಲ್ಯೂಮಿನಿಯಂ ಕರಗಸ್ರಿ ಅಂತ ಯೂಟ್ಯೂಬಿನಾಗ ತೋರಸ್ತಾರ, ಕರಗೂದು ಖರೇ, ಕೈ ಕಣ್ಣು ಸುಡೂದೂ ಖರೇ, ಮನ್ಯಾಗ ಬ್ಯಾಡ.

ಕಡ್ಡಿ ವಿಷಯ ಯಾರೂ ಹೇಳಲಿಲ್ಲ. ಸ್ಟೇನ್‌ಲೆಸ್ ತೊಗೋರಿ, ಆದಷ್ಟು ನಡುವ ಸಣ್ಣಗಾಗಿರೋ ಬಟೆಡ್ ಕಡ್ಡಿ, 2.0-1.8-2.0. ತೆಳುವಂದ್ರ ವೀಕ್ ಅನ್ಕೋಬ್ಯಾಡ್ರಿ. ಗುಂಡ್ಯಾಗ ಬಿದ್ದಾಗ ಆ ತೆಳು ಜಾಗ ಹಿಗ್ಗತೈತಿ, ಹಬ್ಬಿನ ಕಡೆ ಬಾಗಿದ ಕೊಕ್ಕಿಗೆ ಪೆಟ್ಟು ಕಮ್ಮಿ ಬೀಳತೈತಿ, ಕಡ್ಡಿ ಮುರಿಯೂದು ಆ ಕೊಕ್ಕಿನಾಗ, ಅದೂ ಹೆಚ್ಚಾಗಿ ಹಿಂದಿನ ಗಾಲಿ ಗೇರಿನ ಕಡೆ. ಗಾಲಿ ಕಟ್ಟಿ ಔಟ್ ತಗದ ಮ್ಯಾಲ ಎರಡೆರಡು ಕಡ್ಡಿ ಸೇರಿಸಿ ಕೈಯಾಗ ಗಟ್ಟಿ ಹಿಂಡ್ರಿ, ಟಿಣ್ ಟಿಣ್ ಅಂತ ಸದ್ದು ಬರತೈತಿ, ಮತ್ತ ಔಟ್ ನೋಡ್ರಿ, ಮತ್ತ ಹಿಂಡ್ರಿ. ಸದ್ದು ನಿಂತ ಮ್ಯಾಲೇ ಗಾಲಿ ಕೂತಂಗ. ಎಡ ಬಲ ಕಡ್ಡಿ ಉದ್ದ ಬ್ಯಾರೆ ಬ್ಯಾರೆ, ಎರಡೂ ನಮೂನಿ ಸ್ಪೇರ್ ತೊಗೊಂಡು ಚೈನ್ ಸ್ಟೇಗೆ (ಚೈನ್ ಬಾಜೂಕಿನ ಫ್ರೇಮ್ ಪೈಪ್) ಟೇಪ್ ಸುತ್ತಿ ಇಡ್ರಿ. ಕ್ಯಾಸೆಟ್ ಬಿಚ್ಚೂ ಟೂಲೂ ಬ್ಯಾಗಿನಾಗ ಇರ್ಲಿ, ಗೇರ್ ಬಿಚ್ಚದ ಬಲಗಡೆ ಕಡ್ಡಿ ಹಾಕಾಕ ಬರಂಗಿಲ್ಲ.

ಕೆಂಗೇರಿ_ಪೆಡಲ್:

ಸೂಪರ್ ಸಾರ್. ಬ್ರೇಕ್ ತೋಳಿನ ಮೇಲೆ 750 ಅಂತ ಇದೆ, ಕೆಳಗೆ ಜಾಗ ಬೇಕಾದಷ್ಟಿದೆ, ಹಾಗಾಗಿ 700ಸಿ. ಸೀಟ್ ಪೋಸ್ಟಿಗೆ ಇವತ್ತಿಂದ ಆಯಿಲ್ ಬಿಡ್ತಾ ಇದೀನಿ. ಹಳೇ ಚಕ್ರದ ಕಡ್ಡಿ ಎಲ್ಲ ಕಟಿಂಗ್ ಪ್ಲೇಯರಲ್ಲಿ ಕತ್ತರಿಸಿ ಹಬ್ ಬೇರೆ ಮಾಡಿ ಇಟ್ಕೋತೀನಿ, ಫ್ರೀವೀಲ್ ಸಮೇತ ಒಬ್ರು ಕೇಳ್ತಿದ್ದಾರೆ ಅವರ ಹಳೇ ರ‍್ಯಾಲಿ ಕಂಪನಿ ಸೈಕಲ್ಲಿಗೆ. ಹಬ್ ಬೇರೆ ಫ್ರೀವೀಲ್ ಬೇರೆ ಮಾಡಿ ಕೊಡಿ ಅಂದಿದ್ದಾರೆ.

ಹುಬ್ಳಿ_ಹವಾ:

ತಡೀರಿ ತಡೀರಿ, ಕಡ್ಡಿ ಮುಟ್ಟಬ್ಯಾಡ್ರಿ ಇನ್ನೂ. ಮೊದಲ ಫ್ರೀವೀಲ್ ಬಿಚ್ರಿ. ಪ್ರತಿ ಪೆಡಲ್ಲಿಗೂ ಬಿಗಿ ಆಗ್ಕೋತ ಹೋಗಿರ್ತೈತಿ ಅದು, ಕಡ್ಡಿ ಕತ್ತರಿಸಿ ಬರೇ ಹಬ್ ಉಳಿದ್ರ ಹಿಡಿಯಾಕ ಏನೂ ಇರಂಗಿಲ್ಲ. ಫ್ರೀವೀಲಿನ ನಡುವ ಎರಡು ಕಚ್ಚು ಐತೋ ನಾಲ್ಕು ಐತೋ ಇಲ್ಲಾ ಒಳಗ ಹಲ್ಲು ಅದಾವೋ ನೋಡಿ ಅದಕ್ಕ ಸರಿ ಕೂಡೋ ರಿಮೂವರ್ ತರ್ರಿ, ಆಕ್ಸಲ್ ನಟ್ಟಿನಿಂದ ಅದನ್ನ ಅಲ್ಲಾಡದಂಗ ಹಿಡಿಸಿ ವೈಸಿನಾಗ ಕೂಡಿಸಿ ಗಾಲಿನ ಎರಡೂ ಕೈಯಾಗ ಹಿಡದು ಬಸ್ ಸ್ಟೇರಿಂಗ್ ತಿರುಗಿಸಿದಂಗ ಎಡಕ್ಕ ತಿರುಗಿಸ್ರಿ. ಒಮ್ಮೆ ಕಟ್ ಅಂತ ಬಿಟ್ಟ ಕೂಡ್ಲೆ ನಟ್ ಸಡ್ಲ ಮಾಡ್ರಿ, ಇಲ್ಲಂದ್ರ ಆಕ್ಸಲ್ ಮುರಿತೈತಿ.